ಸಭೆಗೆ ಮುಂಚೆ ಕಾಗದ ನೋಡಿ: ಹುಲಿಗಿ ಸೀಮೆಯವರಿಗೆ ಹದಿಮೂರು ಸೂತ್ರಗಳು

ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಬಂದ ಜನ ತಿರುಗಿ ಹೋದ ಮೇಲೆ ಉಳಿಯುವ ಕಸ ಎತ್ತುವವರು ಯಾರು? ಅದಕ್ಕೆ ರೊಕ್ಕ ಯಾವ ಲೆಕ್ಕದಿಂದ? ಆ ತೀರ್ಮಾನ ಯಾವ ಸಭೆಯಲ್ಲಿ, ಯಾವ ತಾರೀಖಿಗೆ ಆಯಿತು? ಮೊದಲೆರಡು ಪ್ರಶ್ನೆ ಚಹಾದಂಗಡಿಯಲ್ಲಿ ದಿನಾ ಕೇಳಿಬರುತ್ತವೆ. ಮೂರನೆಯದನ್ನು ಕೇಳುವವರು ಅಪರೂಪ. ಬರಹದಲ್ಲಿ ಉತ್ತರ ಸಿಗುವುದು ಮಾತ್ರ ಆ ಮೂರನೆಯದಕ್ಕೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಬ್ರೌನ್ ಕಾಯ್ದೆ ಎಂಬುದಿದೆ. ಊರಾಡಳಿತದ ಸಾಮಾನ್ಯ ಸಭೆ ಯಾವುದೇ ಇರಲಿ, ಕಾರ್ಯಸೂಚಿಯನ್ನು 72 ತಾಸು ಮೊದಲು ಜನರ ಕಣ್ಣಿಗೆ ಬೀಳುವಂತೆ ಅಂಟಿಸಬೇಕು. ಸದಸ್ಯರಿಗೆ ಹಂಚಿದ ಕಾಗದ ಜನರಿಗೂ ಸಿಗಬೇಕು. ನಮ್ಮಲ್ಲಿ ಹಾಗೆ ಒಂದೇ ಕಾಯ್ದೆ ಇಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಒಂದಿಷ್ಟು, 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಒಂದಿಷ್ಟು, 2006ರ ಪರಿಸರ ಅಧಿಸೂಚನೆಯಲ್ಲಿ ಇನ್ನೊಂದಿಷ್ಟು ಹಕ್ಕುಗಳಿವೆ. ನಮ್ಮ ಅವ್ವಂದಿರು ಹಳೆ ಸೀರೆಯ ತುಂಡುಗಳಿಂದ ಕೌದಿ ಹೊಲಿದಂತೆ ಅವನ್ನು ನಾವೇ ಜೋಡಿಸಿಕೊಳ್ಳಬೇಕು. ಜೋಡಿಸುವುದು ಹೇಗೆಂಬುದಕ್ಕೆ ಈ ಸೂತ್ರಗಳು.

1. ಮೊದಲು ಕಾರ್ಯಸೂಚಿ, ಆಮೇಲೆ ನಡವಳಿ

ರೊಕ್ಕ ಖರ್ಚಾದ ಮೇಲೆ ಸಿಗುವ ನಡವಳಿ ಜಗಳಕ್ಕೆ ಬರುತ್ತದೆ. ಖರ್ಚಾಗುವ ಮುಂಚೆ ಸಿಗುವ ಕಾರ್ಯಸೂಚಿ ಕೆಲಸಕ್ಕೆ ಬರುತ್ತದೆ. ಉಳಿದ ಹನ್ನೆರಡು ಸೂತ್ರ ಮರೆತರೂ ಇದೊಂದನ್ನು ಮರೆಯಬೇಡಿ.

ಗ್ರಾಮಸಭೆ ಇದೆ ಎಂದು ಡಂಗುರ ಸಾರುತ್ತಾರೆ, ಕಸದ ಗಾಡಿಯ ಮೈಕಿನಲ್ಲಿ ಕೂಗಿಸುತ್ತಾರೆ. ಯಾವ ವಿಷಯಕ್ಕೆ ಎಂಬುದನ್ನು ಮಾತ್ರ ಯಾರೂ ಕೂಗುವುದಿಲ್ಲ. ಜನ ಬರಿಗೈಲಿ ಹೋಗಿ ಕೂಡುತ್ತಾರೆ, ಮೇಜಿನ ಆಚೆ ಕೂತವರ ಕೈಯಲ್ಲಿ ಪಟ್ಟಿ ಇರುತ್ತದೆ. ಅವರು ಓದುತ್ತಾರೆ, ಇವರು ತಲೆ ಆಡಿಸುತ್ತಾರೆ, ಠರಾವು ಪಾಸಾಗುತ್ತದೆ. ಇದನ್ನು ತಪ್ಪಿಸಲು ದೊಡ್ಡ ಹೋರಾಟವೇನೂ ಬೇಡ. ನಿಮ್ಮ ವಾರ್ಡಿನ ಸದಸ್ಯರಿಗೆ ಸಭೆಯ ನೋಟಿಸು, ಅಜೆಂಡಾ ಮೊದಲೇ ಬಂದಿರುತ್ತದೆ. ಅವರ ಮನೆಗೆ ಹೋಗಿ, "ಅಣ್ಣಾರ, ಅಜೆಂಡಾ ಒಂದೀಟು ತೋರಸ್ರಿ" ಎಂದು ಕೇಳಿ. ಮೊಬೈಲಿನಲ್ಲಿ ಫೋಟೊ ತೆಗೆದು ಓಣಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ನಾಲ್ಕು ಮಂದಿ ಓದಿಕೊಂಡು ಬಂದರೂ ಸಭೆಯ ಧಾಟಿಯೇ ಬೇರೆಯಾಗುತ್ತದೆ.

ಒಂದು ವ್ಯತ್ಯಾಸ ತಿಳಿದಿರಲಿ. ಪಂಚಾಯಿತಿಯ ಸಾಮಾನ್ಯ ಸಭೆ ಆರಿಸಿ ಬಂದವರದು. ಗ್ರಾಮಸಭೆ, ವಾರ್ಡ್ ಸಭೆ ನಿಮ್ಮವು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗಿನಿಂದ ಊರಿನ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಅಲ್ಲಿ ಕೂತವರು ಪ್ರೇಕ್ಷಕರೂ ಅಲ್ಲ, ಅತಿಥಿಗಳೂ ಅಲ್ಲ.

2. ಯಾವ ಬಾಗಿಲು ಬಡಿಯಬೇಕು ಎಂದು ತಿಳಿದು ಹೊರಡಿ

ಹುಲಿಗಿಯಲ್ಲಿ ಇದು ಸುಲಭದ ಮಾತಲ್ಲ. ನಾಲ್ಕು ಹೆಜ್ಜೆಗೊಂದು ಆಡಳಿತ. ಓಣಿಯ ಗಟಾರ, ಬೀದಿದೀಪ, ಮನೆಯ ಇ-ಸ್ವತ್ತು ಉತಾರ ಗ್ರಾಮ ಪಂಚಾಯಿತಿಯವು. ಅಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಹುಲಿಗೆಮ್ಮನ ಗುಡಿ ಧಾರ್ಮಿಕ ದತ್ತಿ ಇಲಾಖೆಗೆ ಸೇರಿದ್ದು, ಅದಕ್ಕೆ ಬೇರೆಯೇ ಕಾರ್ಯನಿರ್ವಾಹಕ ಅಧಿಕಾರಿ ಇದ್ದಾರೆ. ಜಾತ್ರೆಗೆ ಮುಂಚೆ ನಡೆಯುವ ಪೂರ್ವಭಾವಿ ಸಭೆಯ ಕಾಗದ ಅದನ್ನು ಕರೆದ ಕಚೇರಿಯಲ್ಲಿರುತ್ತದೆ. ಜಲಾಶಯದ ಗೇಟು ತುಂಗಭದ್ರಾ ಮಂಡಳಿಯದು. ಅದು 1953ರಲ್ಲಿ ರಚನೆಯಾದ, ಕೇಂದ್ರದ ಅಧೀನದ ಸಂಸ್ಥೆ, ಕಚೇರಿ ಹೊಸಪೇಟೆಯ ಟಿ.ಬಿ. ಡ್ಯಾಮಿನಲ್ಲಿ. ಎಡದಂಡೆ ಕಾಲುವೆಯ ನೀರು ಕೇಳಬೇಕಾದರೆ ಮುನಿರಾಬಾದಿನಲ್ಲಿರುವ ಕರ್ನಾಟಕ ನೀರಾವರಿ ನಿಗಮದ ಕಚೇರಿ.

ತಪ್ಪು ಕಚೇರಿಗೆ ಅರ್ಜಿ ಹೋದರೂ ಅದು ಸಾಯುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 6(3)ನೇ ಕಲಮಿನ ಪ್ರಕಾರ ಐದು ದಿನದೊಳಗೆ ಸರಿಯಾದ ಕಚೇರಿಗೆ ಅವರೇ ಕಳಿಸಿ ನಿಮಗೆ ತಿಳಿಸಬೇಕು. "ಇದು ನಮ್ಮಲ್ಲಿ ಬರಂಗಿಲ್ರೀ" ಎಂದು ಅರ್ಜಿ ವಾಪಸು ಕೊಡುವಂತಿಲ್ಲ. ಆದರೂ ಸರಿಯಾದ ಬಾಗಿಲಿಗೇ ಹೋದರೆ ದಿನ ಉಳಿಯುತ್ತವೆ. ಕೇಂದ್ರದ ಕಚೇರಿಗಾದರೂ ಕನ್ನಡದಲ್ಲೇ ಬರೆಯಬಹುದು, ಅರ್ಜಿ ಹಾಕುವ ಪ್ರದೇಶದ ಆಡಳಿತ ಭಾಷೆಗೆ ಕಾಯ್ದೆಯೇ ಜಾಗ ಕೊಟ್ಟಿದೆ.

3. ಕಾಗದಕ್ಕೆ ಹೆಸರಿಟ್ಟು ಕೇಳಿ

"ಪಂಚಾಯ್ತಿ ಲೆಕ್ಕ ಕೊಡ್ರಿ" ಎಂದರೆ ಸಿಗುವುದು ನಗು. ಕಚೇರಿಯಲ್ಲಿ ಪ್ರತಿ ಕಾಗದಕ್ಕೂ ಹೆಸರಿದೆ. ಸಭೆಯ ನೋಟಿಸು, ಕಾರ್ಯಸೂಚಿ, ಹಾಜರಿ ಪುಸ್ತಕ, ನಡವಳಿ ಪುಸ್ತಕ, ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಅಳತೆ ಪುಸ್ತಕ (ಎಲ್ಲರೂ ಎಂ.ಬಿ. ಎನ್ನುವುದು ಇದಕ್ಕೇ), ವೋಚರು, ನಗದು ಪುಸ್ತಕ, ಲೆಕ್ಕಪರಿಶೋಧನಾ ವರದಿ. ಈ ಹತ್ತು ಹೆಸರು ಬಾಯಿಪಾಠವಾದರೆ ಎದುರಿನ ಕುರ್ಚಿಯವರ ಮಾತಿನ ಬಗೆ ತಾನಾಗಿ ಬದಲಾಗುತ್ತದೆ.

4. ಅರ್ಜಿ ಬರೆಯುವ ಮುಂಚೆ ಬಾಯಿಂದ ಕೇಳಿ

ಬಹಳ ಮಂದಿ ಮಾಹಿತಿ ಹಕ್ಕು ಎಂದರೆ ಹತ್ತು ರೂಪಾಯಿಯ ಅರ್ಜಿ ಎಂದೇ ತಿಳಿದಿದ್ದಾರೆ. ಕಾಯ್ದೆಯ ಜೀವ ಇರುವುದು 4(1)(ಬಿ) ಕಲಮಿನಲ್ಲಿ. ಕೇಳದೆಯೇ ಪ್ರಕಟಿಸಬೇಕಾದ ಹದಿನೇಳು ಬಗೆಯ ಮಾಹಿತಿಯ ಪಟ್ಟಿ ಅಲ್ಲಿದೆ. ಅದರಲ್ಲಿ ಎಂಟನೆಯದು ನಮ್ಮ ವಿಷಯಕ್ಕೆ ನೇರ ತಾಗುತ್ತದೆ. ಯಾವ್ಯಾವ ಮಂಡಳಿ, ಸಮಿತಿಗಳಿವೆ, ಅವುಗಳ ಸಭೆಗೆ ಜನ ಬರಬಹುದೇ, ನಡವಳಿ ಜನರಿಗೆ ಸಿಗುತ್ತದೆಯೇ ಎಂಬುದನ್ನು ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತಾನಾಗಿ ಹೇಳಬೇಕು. ಪಂಚಾಯಿತಿಗೂ ಇದು ಅನ್ವಯ, ಕೊಪ್ಪಳ, ಗಂಗಾವತಿಯ ನಗರಸಭೆಗೂ, ಕುಷ್ಟಗಿಯ ಪುರಸಭೆಗೂ, ಯಲಬುರ್ಗಾದ ಪಟ್ಟಣ ಪಂಚಾಯಿತಿಗೂ.

ಆದ್ದರಿಂದ ಮೊದಲ ಸಲ ಹೋದಾಗ ಅರ್ಜಿ ಬೇಡ. "ಸಾಹೇಬ್ರ, ನಾಲ್ಕು ಒಂದು ಬಿ ಕಡತ ನೋಡಬೇಕಿತ್ರಿ" ಎಂದು ಕೇಳಿ. ಕಡತ ಇದ್ದರೆ ಅರ್ಧ ಕೆಲಸ ಆಯಿತು. ಇಲ್ಲದಿದ್ದರೆ ಇಲ್ಲ ಎಂಬುದೂ ಒಂದು ಮಾಹಿತಿಯೇ, ಮುಂದೆ ಮೇಲ್ಮನವಿಯಲ್ಲಿ ಬರೆಯಲು ಬರುತ್ತದೆ. ಕೈಯಲ್ಲಿ ಫೋನ್ ಇರುವವರು ಕಚೇರಿಗೆ ಹೋಗುವ ಮುಂಚೆಯೇ ಇ-ಗ್ರಾಮ ಸ್ವರಾಜ್ ಜಾಲತಾಣ ತೆರೆದು ಪಂಚಾಯಿತಿಯ ವಾರ್ಷಿಕ ಯೋಜನೆ ನೋಡಿಕೊಳ್ಳಲಿ. ಅಲ್ಲಿ ಹಾಕಿದ್ದಕ್ಕೂ ಊರಲ್ಲಿ ಕಾಣುವುದಕ್ಕೂ ತಾಳೆ ನೋಡುವುದು ಒಳ್ಳೆಯ ಮನೆಗೆಲಸ.

5. ಠರಾವಿಗಿಂತ ಮೊದಲು ಸಹಿ ಎಣಿಸಿ

ಗ್ರಾಮಸಭೆಗೆ ಕೋರಂ ಎಂದರೆ ಒಟ್ಟು ಮತದಾರರ ಹತ್ತನೇ ಒಂದು ಭಾಗ ಇಲ್ಲವೇ 100 ಮಂದಿ, ಎರಡರಲ್ಲಿ ಕಡಿಮೆ ಯಾವುದೋ ಅಷ್ಟು. ವಾರ್ಡ್ ಸಭೆಗೆ ಹತ್ತನೇ ಒಂದು ಭಾಗ ಇಲ್ಲವೇ 20 ಮಂದಿ. ಬಂದವರಲ್ಲಿ ನೂರಕ್ಕೆ ಮೂವತ್ತು ಹೆಂಗಸರು ಇರಬೇಕು. ಬಸವ ವಸತಿಯ ಮನೆ ಯಾರಿಗೆ ಎಂದು ಆರಿಸುವುದು ಇಂಥ ಸಭೆಯಲ್ಲೇ, ಆದ್ದರಿಂದ ಈ ಲೆಕ್ಕ ಬರೀ ಅಂಕಿಯ ಆಟವಲ್ಲ.

ಹಾಜರಿ ಪುಸ್ತಕ ಹೇಗೆ ತುಂಬುತ್ತದೆ ಎಂದು ಹಳ್ಳಿಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. "ಯವ್ವಾ, ಇಲ್ಲೊಂದು ಸಹಿ ಮಾಡಿ ಹೋಗ್ರಿ" ಎಂದು ಪುಸ್ತಕವೇ ಮನೆಮನೆಗೆ ಬರುವ ಊರುಗಳಿವೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಕರೆಸಿ ಕೂಡಿಸಿ, ಫೋಟೊ ಹೊಡೆದು, ಚಹಾ ಕೊಟ್ಟು ಕಳಿಸುವುದೂ ಉಂಟು. ಹಾಜರಿಯ ನಕಲು ಕೈಗೆ ಬಂದಾಗ ಮೂರು ಸಂಗತಿ ನೋಡಿ. ಒಂದೇ ಕೈಬರಹದಲ್ಲಿ ಎಷ್ಟು ಸಹಿಗಳಿವೆ? ಬೆಂಗಳೂರಿಗೋ ಮಂಗಳೂರಿಗೋ ದುಡಿಯಲು ಹೋದವರ ಹೆಸರು ಇದೆಯೇ? ತೀರಿಕೊಂಡವರ ಹೆಬ್ಬೆಟ್ಟು ಇದೆಯೇ?

ಇನ್ನೊಂದು ಚಾಳಿ ಬಿಡಬೇಕು, ಅದು ನಮ್ಮದೇ. ಖಾಲಿ ಹಾಳೆಯ ಕೆಳಗೆ ಸಹಿ ಹಾಕುವುದು. ಠರಾವು ಬರೆದು ಮುಗಿದು, ಓದಿ ಹೇಳಿದ ಮೇಲೆ ಅದರ ಕೆಳಗೆ ಸಹಿ ಹಾಕಿ. ಮೇಲೆ ಖಾಲಿ ಜಾಗ ಬಿಟ್ಟಿದ್ದರೆ ಅಡ್ಡಗೆರೆ ಎಳೆಯಿರಿ. ಯಾರಾದರೂ ಮುಖ ಗಂಟಿಕ್ಕಿದರೆ ಗೆರೆ ಎಳೆದದ್ದು ಸರಿಯಾಯಿತೆಂದೇ ಅರ್ಥ.

6. ಒಂದೇ ಕಾಮಗಾರಿ ಹಿಡಿಯಿರಿ, ಕೊನೆಯವರೆಗೆ ಬಿಡಬೇಡಿ

ಐದು ವರ್ಷದ ಎಲ್ಲ ಕಾಮಗಾರಿಯ ಎಲ್ಲ ದಾಖಲೆ ಕೇಳುವ ಅರ್ಜಿಗಳು ಬರುತ್ತವೆ. ಕೇಳಿದವರಿಗೂ ಓದಲಾಗದು, ಕೊಡುವವರಿಗೂ ಕೊಡಲಾಗದು. ಅದರ ಬದಲು ನಿಮ್ಮ ಮನೆ ಮುಂದಿನ ಒಂದು ಸಿಸಿ ರಸ್ತೆ ಹಿಡಿಯಿರಿ.

ಅದು ಯಾವ ಸಭೆಯಲ್ಲಿ ಠರಾವಾಯಿತು? ಆ ಠರಾವಿನಲ್ಲಿ ರಸ್ತೆ ಯಾರ ಮನೆಯಿಂದ ಯಾರ ಮನೆಯವರೆಗೆ ಎಂದಿದೆ? ಕ್ರಿಯಾ ಯೋಜನೆಗೆ ಹೋದಾಗ ಅಷ್ಟೇ ಉದ್ದ ಉಳಿಯಿತೇ? ಅಂದಾಜು ಪಟ್ಟಿಯಲ್ಲಿ ದಪ್ಪ ಎಷ್ಟು? ಎಂಜಿನಿಯರು ಅಳತೆ ಪುಸ್ತಕದಲ್ಲಿ ಬರೆದ ದಪ್ಪ ಎಷ್ಟು? ವೋಚರಿನಲ್ಲಿ ಹಣ ಯಾವ ತಾರೀಖಿಗೆ ಹೋಯಿತು, ಅಷ್ಟೊತ್ತಿಗೆ ಕೆಲಸ ಮುಗಿದಿತ್ತೇ? ಠರಾವು, ಯೋಜನೆ, ಅಂದಾಜು, ಎಂ.ಬಿ., ವೋಚರು, ಈ ಐದನ್ನೂ ಒಂದರ ಪಕ್ಕ ಒಂದಿಟ್ಟು ಓದಿದರೆ ಮೋಸವಿದ್ದಲ್ಲಿ ಅದು ತಾನೇ ಎದ್ದು ಕಾಣುತ್ತದೆ. ಮೋಸ ಇಲ್ಲದಿದ್ದರೆ ಅದೂ ಕಾಣುತ್ತದೆ, ಅದನ್ನು ಊರಲ್ಲಿ ಹೇಳುವ ದೊಡ್ಡ ಮನಸ್ಸೂ ಬೇಕು. ಅನುಮಾನ ಹುಟ್ಟಿಸಿದಷ್ಟು ಬೇಗ ಅದನ್ನು ತೆಗೆದು ಹಾಕುವವರು ನಮ್ಮಲ್ಲಿ ಕಡಿಮೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸೌಲಭ್ಯ ಕಾಯ್ದೆಯ 2ನೇ ಕಲಮಿನಲ್ಲಿದೆ. ಮಾಹಿತಿ ಹಕ್ಕು ಎಂದರೆ ಕಾಗದದ ನಕಲಷ್ಟೇ ಅಲ್ಲ, ಕಾಮಗಾರಿಯನ್ನೇ ನೋಡುವ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿ ಸೇರಿದೆ. ಅಂದರೆ ರಸ್ತೆಯ ಕಾಂಕ್ರೀಟಿನ ಮಾದರಿ ಕೊಡಿ ಎಂದು ಕೇಳಬಹುದು. ಅರ್ಜಿ ಹಾಕಿದ ಸುದ್ದಿ ಹಬ್ಬಿದರೂ ಸಾಕು, ಮುಂದಿನ ರಸ್ತೆಯ ದಪ್ಪ ಸ್ವಲ್ಪ ಏರುತ್ತದೆ!

ಹೀಗೆ ಕಾಗದ ತಾಳೆ ನೋಡುವುದು ಪಟ್ಟಣದ ವಕೀಲರು ಕಂಡುಹಿಡಿದ ವಿದ್ಯೆಯಲ್ಲ. ರಾಜಸ್ಥಾನದ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ 1994ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರನ್ನು ಕೂಡಿಸಿ ಹಾಜರಿ ಪಟ್ಟಿ, ಬಿಲ್ಲು, ವೋಚರುಗಳನ್ನು ಗಟ್ಟಿಯಾಗಿ ಓದಿದರು. ಕೂಲಿಯವರು ತಮ್ಮ ಹೆಸರಿನಲ್ಲಿ ಯಾರೋ ಎತ್ತಿದ ಕೂಲಿಯ ಲೆಕ್ಕ ಕೇಳಿಸಿಕೊಂಡರು. ಹಳ್ಳಿಯ ಆ ಓದಿನಿಂದ ಬೆಳೆದ ಚಳವಳಿಯೇ 2005ರ ಕಾಯ್ದೆಯವರೆಗೆ ಬಂತು. ಕರ್ನಾಟಕ ಅದಕ್ಕೂ ಮುಂಚೆ, 2000ದಲ್ಲೇ, ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು.

7. ಅರ್ಜಿ ಚಿಕ್ಕದಿರಲಿ, ಪ್ರಶ್ನಾರ್ಥಕ ಚಿಹ್ನೆ ಬೇಡ

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ನಡೆಯುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ, ಕಾರ್ಡಿನ ನಕಲು ಜೊತೆಗಿಟ್ಟರೆ ಸಾಕು. ಯಾತಕ್ಕೆ ಬೇಕು ಎಂದು ಕೇಳುವ ಅಧಿಕಾರ ಅವರಿಗಿಲ್ಲ, ಹೇಳುವ ಉಸಾಬರಿ ನಿಮಗೂ ಬೇಡ.

ಒಕ್ಕಣೆ ಹೀಗಿದ್ದರೆ ಸಾಕು: "ಕೊಪ್ಪಳ ತಾಲ್ಲೂಕು ಹುಲಿಗಿ ಗ್ರಾಮ ಪಂಚಾಯಿತಿಯಲ್ಲಿ 2025ರ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ನಡೆದ ಎಲ್ಲ ಸಾಮಾನ್ಯ ಸಭೆಗಳ ನೋಟಿಸು, ಕಾರ್ಯಸೂಚಿ, ಹಾಜರಿ ಹಾಗೂ ನಡವಳಿಯ ದೃಢೀಕೃತ ನಕಲು ಒದಗಿಸಬೇಕಾಗಿ ಕೋರುತ್ತೇನೆ." ಊರಿನ ಹೆಸರು, ತಾರೀಖು ಬದಲಿಸಿಕೊಂಡರೆ ಯಾವ ಪಂಚಾಯಿತಿಗಾದರೂ ನಡೆಯುತ್ತದೆ.

"ನಮ್ಮ ಓಣಿಗೆ ನೀರು ಯಾಕೆ ಬರುತ್ತಿಲ್ಲ?" ಎಂದು ಬರೆದರೆ ಅರ್ಜಿ ಬಿದ್ದುಹೋಗುತ್ತದೆ. ಕಾಯ್ದೆ ಕೊಡಿಸುವುದು ಕಚೇರಿಯಲ್ಲಿ ಇರುವ ದಾಖಲೆ, ಅಧಿಕಾರಿಯ ವಿವರಣೆಯನ್ನಲ್ಲ. ಅದೇ ಸಂಗತಿಯನ್ನು "ನಮ್ಮ ಓಣಿಯ ನೀರು ಪೂರೈಕೆ ಕುರಿತು ಸಭೆಯಲ್ಲಿ ಆದ ಠರಾವಿನ ನಕಲು" ಎಂದು ಬರೆಯಿರಿ. ಯಾಕೆ ಎಂಬುದು ಆ ನಕಲಿನಲ್ಲೇ ಅಡಗಿರುತ್ತದೆ.

8. ಸ್ವೀಕೃತಿ ಇಲ್ಲದೆ ಬಾಗಿಲು ದಾಟಬೇಡಿ

ಸೀಲು, ಸಹಿ, ತಾರೀಖು. ಕೊಡದಿದ್ದರೆ ಸ್ಪೀಡ್ ಪೋಸ್ಟ್.

9. ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿ

ಉತ್ತರಕ್ಕೆ 30 ದಿನ. ನಕಲಿನ ಹಣ ಇಷ್ಟು ಎಂದು ಲೆಕ್ಕ ಕೊಟ್ಟು ಪತ್ರ ಕಳಿಸಿದರೆ, ಆ ಪತ್ರ ಹೊರಟಂದಿನಿಂದ ನೀವು ಹಣ ಕಟ್ಟುವವರೆಗಿನ ದಿನ ಎಣಿಕೆಗೆ ಬರುವುದಿಲ್ಲ. ಎ4 ಹಾಳೆಯೊಂದಕ್ಕೆ 2 ರೂಪಾಯಿ. 30 ದಿನ ಮೀರಿದ ಮೇಲೆ ಕೊಟ್ಟರೆ ಬಿಟ್ಟಿಯಾಗಿ ಕೊಡಬೇಕು, ಇದು 7(6)ನೇ ಕಲಮು. ಬಹಳ ಕಚೇರಿಗಳು ಇದನ್ನು ಮರೆತಂತೆ ನಟಿಸುತ್ತವೆ, ನೀವು ಮೆಲ್ಲಗೆ ನೆನಪಿಸಿ.

ಉತ್ತರ ಬರಲಿಲ್ಲ, ಅಥವಾ ಬಂದದ್ದು ಉತ್ತರವಲ್ಲ. ಆಗ 30 ದಿನದೊಳಗೆ ಮೊದಲ ಮೇಲ್ಮನವಿ. ಪಂಚಾಯಿತಿಯ ವಿಷಯಕ್ಕೆ ಅದು ಹೋಗುವುದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಅವರಿಗೆ. ಅವರು 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅದೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗದ ಪೀಠವೊಂದು ಕಲಬುರಗಿಯಲ್ಲೂ ಇದೆ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ನಿಜ ಹೇಳಬೇಕೆಂದರೆ ಆಯೋಗದ ಮುಂದೆ ಸರದಿ ಉದ್ದವಿರುತ್ತದೆ. ಹಾಗಾಗಿ ಮೊದಲ ಮೇಲ್ಮನವಿಯಲ್ಲೇ ಕೆಲಸ ಮುಗಿಸಲು ನೋಡಿ. ಇಒ ಮುಂದೆ ಖುದ್ದಾಗಿ ಹೋಗಿ, ಸಮಾಧಾನದಿಂದ, ಕಲಮು ತೋರಿಸಿ ಮಾತಾಡಿದರೆ ಎಷ್ಟೋ ಕಾಗದ ಅಲ್ಲಿಯೇ ಹೊರಬರುತ್ತವೆ.

10. "ವೈಯಕ್ತಿಕ ಮಾಹಿತಿ" ಎಂಬ ಬೀಗಕ್ಕೂ ಕೀಲಿಕೈ ಇದೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವೈಯಕ್ತಿಕ ಮಾಹಿತಿ ಕೊಡದಿರಲು ಬಿಡುವ, ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಬಿಗಿ ಮಾಡಿತು. ಹೆಸರಿದ್ದ ಕಾಗದವೆಲ್ಲ ವೈಯಕ್ತಿಕ ಎಂದು ಹೇಳುವ ಚಪಲಕ್ಕೆ ಇದರಿಂದ ಬಲ ಬಂದಿದೆ. ಎರಡು ದಾರಿ ಉಳಿದಿವೆ. 8(2)ನೇ ಕಲಮಿನ ಪ್ರಕಾರ ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು. 10ನೇ ಕಲಮಿನ ಪ್ರಕಾರ ಕೊಡಬಾರದ ಭಾಗ ಮುಚ್ಚಿ ಉಳಿದದ್ದನ್ನು ಕೊಡಬೇಕು. "ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರುಗಳನ್ನು ಮುಚ್ಚಿ ಉಳಿದ ಭಾಗ ಕೊಡಿ" ಎಂಬ ಒಂದು ಸಾಲನ್ನು ಅರ್ಜಿಯಲ್ಲೇ ಬರೆದುಬಿಡಿ. ಬೇರೆಯವರ ಬ್ಯಾಂಕ್ ನಂಬರಿನಿಂದ ನಿಮಗೆ ಆಗಬೇಕಾದ್ದೂ ಏನಿಲ್ಲ.

11. ನೀರಿನ ಸಭೆಯ ನಡವಳಿ ಬಿಡಬೇಡಿ

ಗಂಗಾವತಿ, ಕಾರಟಗಿ ಕಡೆಯ ಭತ್ತದ ರೈತರಿಗೆ ವರ್ಷದಲ್ಲಿ ಎಲ್ಲಕ್ಕಿಂತ ದೊಡ್ಡ ಸಭೆ ಯಾವುದು ಎಂದು ಕೇಳಿ. ಗ್ರಾಮಸಭೆ ಎನ್ನುವುದಿಲ್ಲ, ಐಸಿಸಿ ಎನ್ನುತ್ತಾರೆ. ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ. ಎಡದಂಡೆಗೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಕ್ಯೂಸೆಕ್, ಎರಡನೇ ಬೆಳೆಗೆ ಉಂಟೋ ಇಲ್ಲವೋ, ಎಲ್ಲವೂ ಅಲ್ಲಿ ಗೊತ್ತಾಗುವುದು. ಸಭೆ ಮುನಿರಾಬಾದಿನಲ್ಲೂ ಆಗುತ್ತದೆ, ಬೆಂಗಳೂರಿನಲ್ಲೂ ಆಗುತ್ತದೆ. ಸುದ್ದಿ ಮರುದಿನ ಪೇಪರಿನಲ್ಲಿ ಬರುತ್ತದೆ. ಪೇಪರಿನ ಸುದ್ದಿಗೂ ನಡವಳಿಗೂ ಅಂತರವಿದೆ. ಯಾವ ಷರತ್ತಿನ ಮೇಲೆ, ಒಳಹರಿವು ಎಷ್ಟಾದರೆ, ಕುಡಿಯುವ ನೀರಿಗೆ ಎಷ್ಟು ಕಾದಿರಿಸಿ ಎಂಬುದು ನಡವಳಿಯಲ್ಲಿರುತ್ತದೆ. ಕಾಲುವೆಯ ಕೊನೆಯ ಭಾಗದ ರೈತ ಸಸಿ ಮಡಿ ಹಾಕುವ ಮುಂಚೆ ಆ ಷರತ್ತು ಓದಿಕೊಂಡರೆ ಬೀಜದ ದುಡ್ಡಾದರೂ ಉಳಿದೀತು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ನದಿಗೆ ಅಂಟಿಕೊಂಡ ಹುಲಿಗಿಯವರಿಗೆ ಆ ದಿನಗಳನ್ನು ನೆನಪಿಸಬೇಕಾಗಿಲ್ಲ. ಆಮೇಲೆ ಎಲ್ಲರೂ ಕೇಳಿದ್ದು ಒಂದೇ, ಗೇಟುಗಳನ್ನು ಯಾರು, ಯಾವಾಗ ಪರೀಕ್ಷಿಸಿದ್ದರು? ಇದಕ್ಕೆ ಉತ್ತರವಿರುವುದು ಮಂಡಳಿಯ ಸಭೆಗಳ ಕಾಗದದಲ್ಲಿ, ತಪಾಸಣಾ ವರದಿಗಳಲ್ಲಿ. ಜಲಾಶಯಕ್ಕೆ ಒಟ್ಟು 33 ಗೇಟುಗಳಿವೆ. ಮಳೆಗಾಲಕ್ಕೆ ಮುಂಚೆ, ಅಂದರೆ ಮಾರ್ಚ್ ಏಪ್ರಿಲಿನಲ್ಲಿ, ತಪಾಸಣೆಯ ವರದಿ ಕೇಳಿ ಒಂದು ಅರ್ಜಿ ಹೋಗುವುದು ನದಿದಂಡೆಯ ಪ್ರತಿ ಊರಿನ ವಾಡಿಕೆಯಾಗಬೇಕು. ಒಂದನೇ ಸೂತ್ರ ಇಲ್ಲೂ ಹಾಗೇ ನಿಲ್ಲುತ್ತದೆ, ನೀರು ಬರುವ ಮುಂಚೆ ಕಾಗದ.

ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳನ್ನೂ ಇದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. 2021ರಲ್ಲಿ ಅವುಗಳ ಅವಧಿ ಮುಗಿದ ಮೇಲೆ ಚುನಾವಣೆ ಆಗದೆ ಆಡಳಿತಾಧಿಕಾರಿಗಳ ಕೈಯಲ್ಲೇ ವರ್ಷಗಟ್ಟಲೆ ನಡೆದವು. ಎದ್ದು ನಿಂತು ಕೇಳುವ ಸದಸ್ಯರಿಲ್ಲದ ಸಭೆಗೆ ನಡವಳಿಯೊಂದೇ ಸಾಕ್ಷಿ. ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ ಸಭೆಗಳ ನಡವಳಿಯನ್ನೂ ಇದರ ಜೊತೆಗೆ ಕೇಳಿ, ಯಾವ ಇಲಾಖೆ ಏನು ಮಾಡುತ್ತೇನೆಂದು ಮಾತು ಕೊಟ್ಟಿತು ಎಂಬುದು ಅದರಲ್ಲಿರುತ್ತದೆ. ಹುಲಿಗಿಯವರಿಗೆ ಜಾತ್ರೆಯ ಪೂರ್ವಭಾವಿ ಸಭೆಯ ನಡವಳಿಯೂ ಅಂಥದ್ದೇ. ಶೌಚಾಲಯ ಯಾರು, ಕುಡಿಯುವ ನೀರು ಯಾರು, ಬಸ್ಸು ಯಾರು, ಕಸ ಯಾರು ಎಂದು ಹಂಚಿಕೆಯಾದ ಕಾಗದವದು. ಜಾತ್ರೆ ಮುಗಿದ ವಾರದಲ್ಲಿ ಅದನ್ನು ಹಿಡಿದು ಊರಲ್ಲೊಂದು ಸುತ್ತು ಬನ್ನಿ. ಮುಂದಿನ ವರ್ಷದ ಸಭೆಯಲ್ಲಿ ಮಾತಾಡಲು ಸರಕು ಸಿಗುತ್ತದೆ.

12. ಕಾರ್ಖಾನೆಯ ಅಹವಾಲು ಸಭೆಗೆ ಓದಿಕೊಂಡು ಹೋಗಿ

ಗಿಣಿಗೇರಾ, ಹಿರೇಬಗನಾಳ ಕಡೆ ಕಾರ್ಖಾನೆಯ ಹೊಗೆ, ಬೂದಿ ದಿನನಿತ್ಯದ ಮಾತು. ಹೊಸದು ಬರುವಾಗ, ಹಳೆಯದು ದೊಡ್ಡದಾಗುವಾಗ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ನಮ್ಮ ಎಲ್ಲ ಕಾನೂನುಗಳಲ್ಲಿ ಕ್ಯಾಲಿಫೋರ್ನಿಯಾದ ಆ ಕಾಯ್ದೆಗೆ ಹತ್ತಿರವಾದದ್ದು 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ. ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ನೋಟಿಸು ಬರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದಿರಬೇಕು. ಪರಿಸರ ವರದಿಯ ಕರಡು, ಅದರ ಸಾರಾಂಶ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಗಳಂಥ ಕಡೆ ಜನರಿಗೆ ನೋಡಲು ಸಿಗಬೇಕು. ಸಭೆ ಮುಗಿಯುವಾಗ ಅಲ್ಲಿ ಆಡಿದ ಮಾತಿನ ನಡವಳಿಯನ್ನು ಜನರ ಮುಂದೆ ಓದಿ, ಅವರ ಭಾಷೆಯಲ್ಲಿ ತಿಳಿಸಿ ಹೇಳಬೇಕು. ಆಮೇಲೆ ಪಂಚಾಯಿತಿಯ ಗೋಡೆಯ ಮೇಲೂ ಹಚ್ಚಬೇಕು.

ಇಷ್ಟಿದ್ದೂ ನಾವು ಸಭೆಯಲ್ಲಿ ಕೂಗಿ ಗಂಟಲು ಒಣಗಿಸಿಕೊಂಡು, ನಡವಳಿ ಓದುವ ಹೊತ್ತಿಗೆ ಎದ್ದು ಮನೆಗೆ ಹೊರಟಿರುತ್ತೇವೆ. ಕೂಗು ಗಾಳಿಗೆ ಹೋಗುತ್ತದೆ. ದಿಲ್ಲಿಗೋ ಬೆಂಗಳೂರಿಗೋ ಹೋಗುವುದು ನಡವಳಿ. ನೀವು ಆಡಿದ ಮಾತು ಅದರಲ್ಲಿ ಬಂದಿದೆಯೇ ಎಂದು ಕೇಳಿಸಿಕೊಂಡು, ಬಿಟ್ಟಿದ್ದರೆ ಅಲ್ಲೇ ಸೇರಿಸಿ ಎಂದು ಹಟ ಹಿಡಿಯಿರಿ. ಹೇಳಬೇಕಾದ್ದನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯುವುದು ಇನ್ನೂ ಗಟ್ಟಿ. ಹಾಗೆಯೇ ಕಾರ್ಖಾನೆಗೆ ನಿಮ್ಮ ಪಂಚಾಯಿತಿ ಕೊಟ್ಟ ಪರವಾನಗಿಯ ಠರಾವಿನ ನಕಲು ಸಭೆಗೆ ಮುಂಚೆಯೇ ಕೈಯಲ್ಲಿರಲಿ.

ಇಂಥ ವಿಷಯಕ್ಕೆ ಒಬ್ಬರೇ ಹೋಗಬೇಡಿ. ಅರ್ಜಿ ಐದಾರು ಜನರ ಹೆಸರಿನಲ್ಲಿ ಬೇರೆಬೇರೆಯಾಗಿ ಹೋಗಲಿ. ಬಂದ ಕಾಗದದ ನಕಲು ಇನ್ನೂ ಹತ್ತು ಮನೆಯಲ್ಲಿರಲಿ. ಎಲ್ಲರಿಗೂ ಗೊತ್ತಿರುವ ಕಾಗದಕ್ಕಾಗಿ ಯಾರೂ ಯಾರನ್ನೂ ಹೆದರಿಸುವುದಿಲ್ಲ. ಕಾಗದ ತೋರಿಸಿ ರೊಕ್ಕ ಕೀಳುವ ದಂಧೆಯವರು ಗುಂಪಿಗೆ ಸೇರಿಕೊಂಡರೆ ಮೊದಲ ದಿನವೇ ಹೊರಗೆ ಹಾಕಿ, ಅವರಿಂದ ಹಾಳಾಗುವುದು ನಿಮ್ಮೆಲ್ಲರ ಮರ್ಯಾದೆ.

13. ಆಗಸ್ಟ್ 16ರಿಂದ ಸೆಪ್ಟೆಂಬರ್ 15

ಜಮಾಬಂದಿಯ ಕಾಲ. ಹಿಂದಿನ ಆರ್ಥಿಕ ವರ್ಷದ ಜಮಾ ಖರ್ಚು, ಕಾಮಗಾರಿ, ದಾಖಲೆಗಳೆಲ್ಲವನ್ನೂ ಜನರ ಎದುರು ತೆರೆದಿಡಬೇಕಾದ ಒಂದು ತಿಂಗಳು. ಅರ್ಜಿ ಬೇಡ, ಹತ್ತು ರೂಪಾಯಿ ಬೇಡ, 30 ದಿನ ಕಾಯುವುದೂ ಬೇಡ. ವರ್ಷವಿಡೀ ಕಪಾಟಿನಲ್ಲಿರುವ ಪುಸ್ತಕಗಳು ಜಮಾಬಂದಿಯ ದಿನ ಮೇಜಿನ ಮೇಲಿರುತ್ತವೆ. ಬಹುತೇಕ ಊರುಗಳಲ್ಲಿ ಅಂದು ಕೂತವರು ಸಿಬ್ಬಂದಿ, ನಾಲ್ಕೈದು ಸದಸ್ಯರು, ಚಹಾ ತಂದ ಹುಡುಗ.

ಜುಲೈ ಕೊನೆಯಲ್ಲೇ ಪಂಚಾಯಿತಿಗೆ ಹೋಗಿ ನಿಮ್ಮೂರಿನ ಜಮಾಬಂದಿಯ ತಾರೀಖು ಗೊತ್ತು ಮಾಡಿಕೊಳ್ಳಿ. ಆರನೇ ಸೂತ್ರದಲ್ಲಿ ಹಿಡಿದ ಕಾಮಗಾರಿಯ ಕಾಗದಗಳನ್ನು ಒಂದು ಚೀಲಕ್ಕೆ ಹಾಕಿಕೊಳ್ಳಿ, ಲೆಕ್ಕ ಬಲ್ಲ ಕಾಲೇಜು ಹುಡುಗಿಯೊಬ್ಬಳನ್ನು ಜೊತೆಗೆ ಕರೆದುಕೊಳ್ಳಿ. ನಗದು ಪುಸ್ತಕ, ವೋಚರುಗಳನ್ನು ಅಲ್ಲೇ ತಾಳೆ ನೋಡಿ. ಹೊಂದಿಕೆಯಾಗದ್ದನ್ನು ಬಾಯಲ್ಲಿ ಹೇಳಿ ಬಿಡದೆ ವರದಿಯಲ್ಲಿ ಬರೆಸಿ. ಜಮಾಬಂದಿಗೆ ಬಂದ ತಂಡ ಕಾಮಗಾರಿ ನೋಡಲು ಹೊರಟಾಗ ನೀವೂ ಹಿಂದೆಯೇ ಹೊರಡಿ, ಅಳತೆಯ ಟೇಪು ಮನೆಯಿಂದಲೇ ತಂದಿರಿ.